ಲೆನ್ಸ್ ಕೆಟ್ಟಿದೆಯೋ, ಬಾಡಿ ಮಾತು ಕೇಳುತ್ತಿಲ್ಲವೋ? ಬೇರೆ ಕಂಪನಿ ಲೆನ್ಸ್ ಹಾಕಿದಾಗ ಆಟೋಫೋಕಸ್ ತೊಂದರೆ ಹುಡುಕುವ ಬಗೆ

ಕೋಣೆಯ ಫ್ಯಾನ್ ಬಂದ್ ಮಾಡಿ. ಕ್ಯಾಮೆರಾ ಆನ್ ಮಾಡಿ. ಶಟರ್ ಬಟನ್ ಅರ್ಧ ಒತ್ತಿ ಹಿಡಿದು, ಲೆನ್ಸ್ ಹತ್ತಿರ ಕಿವಿ ತನ್ನಿ.

ತಮಾಷೆ ಅಲ್ಲ. ಬಾಗಲಕೋಟೆ ನವನಗರದ ನನ್ನ ಸ್ಟುಡಿಯೋಗೆ ‘ಅಣ್ಣಾರ, ಲೆನ್ಸ್ ಹೋಗೇತ್ರಿ’ ಎಂದು ಬರುವ ಹುಡುಗರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಅವರು ನಗುತ್ತಾರೆ. ಆದರೆ ಲೆನ್ಸ್‌ನ ಸದ್ದು ಅರ್ಧ ರೋಗ ಹೇಳಿಬಿಡುತ್ತದೆ. ಸದ್ದೇ ಇಲ್ಲ ಅಂದರೆ ಒಂದು ಕತೆ. ಗುರ್ ಗುರ್ ಎಂದು ಆ ಕಡೆ ಈ ಕಡೆ ಓಡಾಡುತ್ತಿದ್ದರೆ ಇನ್ನೊಂದು ಕತೆ. ಟಕ್ಕನೆ ನಿಂತು ಬೀಪ್ ಕೊಟ್ಟು, ಆಮೇಲೆ ಕಂಪ್ಯೂಟರ್‌ನಲ್ಲಿ ನೋಡಿದರೆ ಮದುಮಗಳ ಕಣ್ಣಿನ ಬದಲು ಕಿವಿಯೋಲೆ ಶಾರ್ಪ್ ಆಗಿದ್ದರೆ ಅದು ಮೂರನೆಯ ಕತೆ. ಈ ಮೂರಕ್ಕೂ ನಾವು ‘ಫೋಕಸ್ ಆಗ್ತಿಲ್ಲ’ ಎಂಬ ಒಂದೇ ಮಾತು ಬಳಸುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಒಂದು ಎಚ್ಚರಿಕೆ. ಈಗಿನ ಕೆಲವು ಮೋಟರುಗಳು ಸದ್ದೇ ಮಾಡುವುದಿಲ್ಲ. ಅಂಥ ಲೆನ್ಸ್ ಆದರೆ ಕಿವಿಯ ಬದಲು ಕಣ್ಣು ಬಳಸಿ. ಫೋಕಸ್ ರಿಂಗ್ ಅಥವಾ ದೂರ ತೋರಿಸುವ ಗಾಜಿನ ಕಿಂಡಿ ಇದ್ದರೆ ಅದು ಅಲ್ಲಾಡುತ್ತದೆಯೇ ನೋಡಿ. ಎರಡೂ ಇಲ್ಲದಿದ್ದರೆ ವ್ಯೂಫೈಂಡರ್‌ನಲ್ಲಿ ಚಿತ್ರ ಮಸುಕಾಗಿ ತಿಳಿಯಾಗುತ್ತದೆಯೇ ನೋಡಿ.

ನಮ್ಮ ಕಡೆ ಎಲ್ಲ ಲೆನ್ಸೂ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಕಂಪನಿಯದೇ ಇರುವ ಸ್ಟುಡಿಯೋ ಕಡಿಮೆ. ಬಾಡಿ ಕ್ಯಾನನ್ ಅಥವಾ ನಿಕಾನ್, ಈಚೆಗೆ ಸೋನಿ. ಲೆನ್ಸ್ ಮಾತ್ರ ಟ್ಯಾಮ್ರಾನ್, ಸಿಗ್ಮಾ, ಟೋಕಿನಾ, ಯಾಂಗ್‌ನುವೊ, ವಿಲ್‌ಟ್ರಾಕ್ಸ್. ದುಡ್ಡಿನ ಲೆಕ್ಕ, ಮುಚ್ಚಿಡುವುದೇನಿದೆ? ಅವು ಕೆಟ್ಟ ಲೆನ್ಸ್‌ಗಳೂ ಅಲ್ಲ. ನನ್ನ ಬ್ಯಾಗಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವೇ ಇವೆ. ತೊಂದರೆ ಬಂದಾಗ ಮಾತ್ರ ಯಾರನ್ನು ಕೇಳಬೇಕು ಅನ್ನುವುದು ಗೊತ್ತಾಗುವುದಿಲ್ಲ. ಬಾಡಿಯವರು ಲೆನ್ಸ್ ಕಡೆ ಕೈ ತೋರಿಸುತ್ತಾರೆ, ಲೆನ್ಸ್‌ನವರು ಬಾಡಿ ಕಡೆ. ಕೊರಿಯರ್‌ನಲ್ಲಿ ಹೋಗಿ ಬರುವಷ್ಟರಲ್ಲಿ ಮದುವೆ ಸೀಸನ್ನೇ ಮುಗಿದಿರುತ್ತದೆ. ಅದಕ್ಕೇ ಕಳಿಸುವ ಮೊದಲು ತಪ್ಪು ಯಾರದು ಅನ್ನುವುದನ್ನು ಮನೆಯಲ್ಲೇ ಹುಡುಕಿಕೊಳ್ಳುವುದು ಒಳ್ಳೆಯದು. ಬಾಡಿಯದೋ, ಲೆನ್ಸ್‌ನದೋ, ಅವೆರಡರ ನಡುವಿನ ಮಾತಿನದೋ?

ನಡುವಿನ ಮಾತು ಅಂದೆ. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಬಳೆ) ತಂದಾಗಿನಿಂದ ಅದರ ಬಾಡಿ ಮತ್ತು ಲೆನ್ಸ್ ವಿದ್ಯುತ್ ಸಂಕೇತದಲ್ಲೇ ಮಾತಾಡಿಕೊಳ್ಳುತ್ತವೆ. ಆ ಮಾತಿನ ವ್ಯಾಕರಣವನ್ನು ಹೊರಗಿನವರಿಗೆ ಕೊಡಲಿಲ್ಲ. ಸಿಗ್ಮಾದಂಥ ಕಂಪನಿಗಳು ಬಾಡಿ ಏನು ಕೇಳುತ್ತದೆ, ಲೆನ್ಸ್ ಏನು ಉತ್ತರ ಕೊಡುತ್ತದೆ ಎಂದು ಗಮನಿಸಿ ತಾವೇ ಕಲಿತುಕೊಂಡವು. ಬೆಳಗಾವಿ ಪೇಟೆಯಲ್ಲಿ ವ್ಯಾಪಾರ ಮಾಡುತ್ತಲೇ ಮರಾಠಿ ಕಲಿತವರು ಇರುತ್ತಾರಲ್ಲ, ಹಾಗೆ. ದಿನದ ವ್ಯವಹಾರಕ್ಕೆ ಏನೂ ಕೊರತೆಯಿಲ್ಲ. ಎಂದೂ ಕೇಳದ ಪದವೊಂದು ಬಂದರೆ ಮಾತ್ರ ತಡವರಿಸುತ್ತಾರೆ. ಹೊಸ ಬಾಡಿಯ ಮೇಲೆ ಹಳೆಯ ಲೆನ್ಸ್ ತಡವರಿಸುವುದೂ ಹೀಗೆಯೇ. ಸೋನಿ ಹಾಗೆ ಮಾಡಲಿಲ್ಲ. ತನ್ನ ಇ ಮೌಂಟ್‌ನ ಮೂಲ ವಿವರಗಳನ್ನು 2011ರಲ್ಲಿ ಬೇರೆ ಕಂಪನಿಗಳಿಗೆ ಬಿಟ್ಟುಕೊಟ್ಟಿತು. ಸೋನಿ ಬಾಡಿಗೆ ಹೊರಗಿನ ಲೆನ್ಸ್ ಹಾಕಿದವರ ದೂರು ನನ್ನ ಹತ್ತಿರ ಕಡಿಮೆ ಬರಲು ಇದೂ ಒಂದು ಕಾರಣ ಇರಬೇಕು.

ಪರೀಕ್ಷೆಗೆ ಕೂರುವ ಮೊದಲು

ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಡಿ. ಕ್ಯಾಮೆರಾವನ್ನು ಒಂದೇ ಸಲ ಫೋಕಸ್ ಹಿಡಿದು ನಿಲ್ಲುವ ಮೋಡ್‌ಗೆ ಹಾಕಿ. ಕ್ಯಾನನ್‌ನಲ್ಲಿ ಅದು ಒನ್ ಶಾಟ್, ನಿಕಾನ್‌ನಲ್ಲಿ ಎಎಫ್-ಎಸ್. ಎಲ್ಲ ಫೋಕಸ್ ಪಾಯಿಂಟ್ ಬಿಟ್ಟು ಮಧ್ಯದ ಒಂದೇ ಪಾಯಿಂಟ್ ಆರಿಸಿ. ಹಗಲಿನ ಬೆಳಕಿರುವ ಕಡೆ ಕೂತು ಗೋಡೆಯ ಕ್ಯಾಲೆಂಡರ್‌ನ ದಪ್ಪ ಅಂಕಿಯ ಕಡೆ ಕ್ಯಾಮೆರಾ ಹಿಡಿಯಿರಿ. ಇಷ್ಟು ಮಾಡಿದ ಮೇಲೂ ತೊಂದರೆ ಇದ್ದರೆ ಅದು ನಿಜವಾದ ತೊಂದರೆ. ಇದನ್ನು ಮಾಡದೆ ‘ಕಲ್ಯಾಣ ಮಂಟಪದಾಗ ಫೋಕಸ್ ಆಗ್ಲಿಲ್ರಿ’ ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ಸದ್ದೇ ಇಲ್ಲ

ಮೊದಲು ಲೆನ್ಸ್ ಪಕ್ಕದ ಎಎಫ್–ಎಂಎಫ್ (ಆಟೋಫೋಕಸ್–ಕೈ ಫೋಕಸ್) ಸ್ವಿಚ್. ‘ಅಷ್ಟೂ ಗೊತ್ತಿಲ್ವಾ’ ಅನ್ನಬೇಡಿ. ಬ್ಯಾಗಿನಿಂದ ಎಳೆಯುವಾಗ ಅದು ಸರಿದು ಹೋಗುತ್ತದೆ. ನಿಕಾನ್ ಡಿ7000 ಸಾಲಿನ ಬಾಡಿಗಳಲ್ಲಿ ಮೌಂಟ್ ಪಕ್ಕ ಇನ್ನೊಂದು ಸ್ವಿಚ್ ಇದೆ. ಲೆನ್ಸ್ ಎಎಫ್‌ನಲ್ಲಿದ್ದರೂ ಬಾಡಿ ಎಂ ಮೇಲಿದ್ದರೆ ಲೆನ್ಸ್ ಸುಮ್ನೆ ಕೂರುತ್ತದೆ. ಜಮಖಂಡಿಯಿಂದ ಒಬ್ಬ ಹುಡುಗ ಬಸ್ಸಿನಲ್ಲಿ ಬಂದು ಲೆನ್ಸ್ ಮಾರಿಬಿಡುತ್ತೇನೆ ಅಂದಿದ್ದ. ಆ ಸ್ವಿಚ್ಚನ್ನು ಬೆರಳಿಂದ ಸರಿಸಿ ಕೊಟ್ಟೆ. ಚಹಾ ಕುಡಿಸಿ ಹೋದ.

ಎರಡನೆಯದು ಬ್ಯಾಕ್ ಬಟನ್ ಫೋಕಸ್. ಯಾರೋ ಗೆಳೆಯ ಕ್ಯಾಮೆರಾ ತೆಗೆದುಕೊಂಡು ಹೋಗಿ, ಫೋಕಸ್ ಮಾಡುವ ಕೆಲಸವನ್ನು ಶಟರ್ ಬಟನ್‌ನಿಂದ ಹಿಂದಿನ ಎಎಫ್-ಆನ್ ಬಟನ್‌ಗೆ ಬದಲಿಸಿ, ಹೇಳದೆ ವಾಪಸ್ ಕೊಟ್ಟಿರುತ್ತಾನೆ. ಹಿಂದಿನ ಬಟನ್ ಒತ್ತಿ ನೋಡಿ. ಲೆನ್ಸ್ ಓಡಿದರೆ ರೋಗ ಸಿಕ್ಕಿತು. ಸೆಟ್ಟಿಂಗ್ ಪೂರ್ತಿ ಅಳಿಸಿ ನೋಡುವುದಾದರೆ ಒಂದು ಮಾತು ನೆನಪಿಡಿ: ಕ್ಯಾನನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ ಅಳಿಸಿದರೆ ಕಸ್ಟಮ್ ಫಂಕ್ಷನ್ ಅಳಿಯುವುದಿಲ್ಲ. ಅದನ್ನು ಬೇರೆಯಾಗಿ ಅಳಿಸಬೇಕು.

ಇವೆರಡೂ ಅಲ್ಲ, ಬಾಡಿ ನಿಕಾನ್ ಅಂದರೆ ಇನ್ನು ಮುಂದಿನದನ್ನು ನಿಧಾನವಾಗಿ ಓದಿ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಹೆಚ್ಚು ಮೋಸ ಹೋಗುವುದು ಇಲ್ಲೇ ಅನ್ನುವುದು ನನ್ನ ಅನುಭವ. ಮೋಸ ಅಂದರೂ ಮಾರಿದವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ನಿಕಾನ್‌ನ ಹಳೆಯ ಆಟೋಫೋಕಸ್ ಪದ್ಧತಿಯಲ್ಲಿ ಮೋಟರ್ ಇರುವುದು ಬಾಡಿಯಲ್ಲಿ. ಬಾಡಿಯ ಮೌಂಟ್ ಅಂಚಿನಿಂದ ಒಂದು ಚಿಕ್ಕ ಸ್ಕ್ರೂಡ್ರೈವರ್ ತುದಿ ಹೊರಗೆ ಬಂದು ಲೆನ್ಸ್‌ನ ಸೀಳಿನಲ್ಲಿ ಕೂತು ತಿರುಗಿಸುತ್ತದೆ. ಡಿ90, ಡಿ7000ದಿಂದ ಡಿ7500ವರೆಗಿನವು, ಡಿ610, ಡಿ750, ಡಿ850 ಇವುಗಳಲ್ಲಿ ಆ ಮೋಟರ್ ಇದೆ. ಡಿ40, ಡಿ60, ಡಿ3000ದಿಂದ ಡಿ3500, ಡಿ5000ದಿಂದ ಡಿ5600 ಇವುಗಳಲ್ಲಿ ಇಲ್ಲ. ಹೊಸಬರು ಕೊಳ್ಳುವುದು ಈ ಚಿಕ್ಕ ಬಾಡಿಗಳನ್ನೇ. ಅವುಗಳ ಮೇಲೆ ಮೋಟರ್ ಇಲ್ಲದ ಲೆನ್ಸ್ ಹಾಕಿದರೆ ಫೋಟೋ ಬರುತ್ತದೆ, ಆಟೋಫೋಕಸ್ ಮಾತ್ರ ಎಂದೂ ಬರುವುದಿಲ್ಲ. ಲೆನ್ಸ್ ಕೆಟ್ಟಿಲ್ಲ. ಅದಕ್ಕೆ ಕೈಯೇ ಇಲ್ಲ.

ಬೇರೆ ಕಂಪನಿಯವರು ಒಂದೇ ಲೆನ್ಸ್ ಅನ್ನು ಎರಡು ಕಾಲದಲ್ಲಿ ಎರಡು ಥರ ಮಾಡಿದ್ದರಿಂದ ಗೊಂದಲ ಇನ್ನೂ ಜಾಸ್ತಿ. ಟೋಕಿನಾ 11-16 ಎಫ್ 2.8 ಲೆನ್ಸ್‌ನ ಮೊದಲ ಆವೃತ್ತಿಗೆ ನಿಕಾನ್ ಮೌಂಟ್‌ನಲ್ಲಿ ಮೋಟರ್ ಇಲ್ಲ, ಎರಡನೆಯದಕ್ಕೆ ಇದೆ. ಟ್ಯಾಮ್ರಾನ್ 70-300ರ ಹಳೆಯ ಡಬ್ಬಿಯ ಮೇಲೆ ಎ17ಎನ್ ಎಂದಿರುತ್ತದೆ. ಮೋಟರ್ ಸೇರಿಸಿದ ಮೇಲೆ ಎನ್ ಮುಂದೆ ರೋಮನ್ ಎರಡರ ಜೋಡಿ ಗೀಟು ಬಂತು. ಎರಡು ಗೀಟಿನ ವ್ಯತ್ಯಾಸ, ಸಾವಿರಾರು ರೂಪಾಯಿ ನಷ್ಟ. ಡಬ್ಬಿ ಸಿಗದಿದ್ದರೆ ಲೆನ್ಸ್ ತಿರುಗಿಸಿ ಹಿಂಭಾಗ ನೋಡಿ. ಲೋಹದ ಮೌಂಟ್‌ನಲ್ಲಿ ಸ್ಕ್ರೂ ತಲೆಯಂಥ ಸೀಳು ಕಂಡರೆ ಬಹುತೇಕ ಅದು ಬಾಡಿಯ ಮೋಟರ್ ನಂಬಿಕೊಂಡ ಲೆನ್ಸ್. ವಿದ್ಯುತ್ ಸಂಕೇತ ದಾಟಿಸುವ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳು ಐದೇ ಇದ್ದರೆ ಅನುಮಾನ ಗಟ್ಟಿ ಮಾಡಿಕೊಳ್ಳಿ. ಮೋಟರ್ ಇರುವ ಲೆನ್ಸ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಇರುತ್ತವೆ. ಎಲ್ಲಕ್ಕಿಂತ ಸುಲಭ ಅಂದರೆ ನಿಮ್ಮ ಬಾಡಿಯನ್ನೇ ಅಂಗಡಿಗೆ ಒಯ್ದು, ಹಾಕಿ ನೋಡಿ, ದುಡ್ಡು ಕೊಡಿ.

ಈಗಾಗಲೇ ಕೊಂಡಾಗಿದೆಯೇ? ಹಾಗಾದರೆ ಕೈಯಿಂದಲೇ ಫೋಕಸ್ ಮಾಡಿ. ಲೆನ್ಸ್‌ನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್ 5.6 ಅಥವಾ ಅದಕ್ಕಿಂತ ಚಿಕ್ಕ ಅಂಕಿಯದಾದರೆ ಚಿಕ್ಕ ನಿಕಾನ್ ಬಾಡಿಯ ವ್ಯೂಫೈಂಡರ್ ಎಡಮೂಲೆಯಲ್ಲಿ ಹಸಿರು ಚುಕ್ಕೆ ಸ್ಥಿರವಾಗಿ ಹೊತ್ತಿ ಫೋಕಸ್ ಕೂತದ್ದು ಹೇಳುತ್ತದೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜ ಎಲ್ಲೂ ಓಡಿಹೋಗುವುದಿಲ್ಲ, ಆರಾಮಾಗಿ ತೆಗೆಯಬಹುದು. ಮದುವೆಗೆ ಮಾತ್ರ ಒಯ್ಯಬೇಡಿ.

ಇನ್ನು ಕಾಂಟ್ಯಾಕ್ಟ್‌ಗಳ ಕೊಳೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುವಾಗ ಲೆನ್ಸ್ ಬದಲಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅರಿಶಿನದ ಆ ಸಣ್ಣ ಪುಡಿ ಬೆವರಿನ ಜೊತೆ ಸೇರಿ ಕಾಂಟ್ಯಾಕ್ಟ್ ಮೇಲೆ ಪದರ ಕಟ್ಟುತ್ತದೆ. ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಕಿವಿ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಾಕಿ ಲೆನ್ಸ್ ಕಡೆಯ ಕಾಂಟ್ಯಾಕ್ಟ್ ಒರೆಸಿ. ಕಡ್ಡಿ ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಪೆನ್ಸಿಲ್ ರಬ್ಬರಿನಿಂದ ತಿಕ್ಕುವ ಹಳೆಯ ಉಪಾಯ ನನಗೆ ಇಷ್ಟವಿಲ್ಲ. ರಬ್ಬರು ಮೇಲಿನ ಚಿನ್ನದ ಲೇಪ ಸವೆಸುತ್ತದೆ, ಅದರ ಪುಡಿ ಒಳಗೆ ಬೀಳುತ್ತದೆ. ಸ್ಯಾನಿಟೈಸರ್ ಕೂಡ ಬೇಡ. ಅದರಲ್ಲಿ ಗ್ಲಿಸರಿನ್ ಇರುವುದರಿಂದ ಒಣಗಿದ ಮೇಲೂ ಜಿಡ್ಡು ಉಳಿಯುತ್ತದೆ. ಬಾಡಿ ಕಡೆಯ ಪಿನ್‌ಗಳು ಸ್ಪ್ರಿಂಗ್ ಮೇಲೆ ಕೂತಿರುತ್ತವೆ. ಎಲ್ಲ ಪಿನ್ ಒಂದೇ ಎತ್ತರದಲ್ಲಿವೆಯೇ ನೋಡಿ. ಒಂದು ಒಳಗೆ ಸಿಕ್ಕಿಕೊಂಡಿದ್ದರೆ ತಪ್ಪು ಬಾಡಿಯದು.

ಲೆನ್ಸ್‌ನ ಮೌಂಟ್ ಸ್ಕ್ರೂ ಸಡಿಲಾದರೂ ಇದೇ ಲಕ್ಷಣ. ಬೈಕ್ ಟ್ಯಾಂಕ್ ಮೇಲೆ ಬ್ಯಾಗ್ ಇಟ್ಟು ನಮ್ಮ ರಸ್ತೆಗಳಲ್ಲಿ ಓಡಾಡಿದರೆ ಸ್ಕ್ರೂ ಸಡಿಲಾಗುವುದು ದೊಡ್ಡ ವಿಷಯವಲ್ಲ. ಲೆನ್ಸ್ ಹಿಡಿದು ಮೆಲ್ಲಗೆ ಎಡಬಲ ತಿರುವಿ. ಕೂದಲೆಳೆಯಷ್ಟು ಆಟ ಎಲ್ಲ ಲೆನ್ಸ್‌ಗೂ ಇರುತ್ತದೆ. ತಿರುವಿದಾಗ ಆಟೋಫೋಕಸ್ ಬಂದು ಹೋಗುತ್ತಿದ್ದರೆ ಮಾತ್ರ ಮೌಂಟ್ ಕಡೆ ನೋಡಿ.

ಇಷ್ಟಕ್ಕೂ ಮಾತಾಡದಿದ್ದರೆ ಅದಲುಬದಲು ಪರೀಕ್ಷೆ ಮಾಡಿ. ನಿಮ್ಮ ಲೆನ್ಸ್ ಗೆಳೆಯನ ಬಾಡಿಗೆ, ಗೆಳೆಯನ ಲೆನ್ಸ್ ನಿಮ್ಮ ಬಾಡಿಗೆ. ಎರಡು ಬಾಡಿಯ ಮೇಲೂ ನಿಮ್ಮ ಲೆನ್ಸ್ ಮೌನವಾಗಿದ್ದರೆ ಮೋಟರ್ ಹೋಗಿದೆ. ನಿಮ್ಮ ಬಾಡಿಯ ಮೇಲೆ ಎಲ್ಲ ಲೆನ್ಸೂ ಮೌನ ಅಂದರೆ ಬಾಡಿ ಹೋಗಿದೆ. ಎರಡೂ ಬೇರೆ ಕಡೆ ಸರಿಯಿದ್ದು ಜೊತೆಗೆ ಮಾತ್ರ ಸರಿಯಿಲ್ಲ ಅಂದರೆ ನಡುವಿನ ಮಾತು ಕೆಟ್ಟಿದೆ. ಈ ಐದು ನಿಮಿಷದ ಕೆಲಸ ಮಾಡದೆ ಲೆನ್ಸ್ ಕೊರಿಯರ್ ಮಾಡಿದವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ನಾನೂ ಒಬ್ಬ, ಹಿಂದೊಮ್ಮೆ.

ಓಡಾಡುತ್ತದೆ, ನಿಲ್ಲುವುದಿಲ್ಲ

ಇದು ಹೆಚ್ಚಿನ ಸಲ ರೋಗವೇ ಅಲ್ಲ. ಲೆನ್ಸ್ ಹುಡುಕುತ್ತಿದೆ, ಹಿಡಿಯಲು ಏನೂ ಸಿಗುತ್ತಿಲ್ಲ, ಅಷ್ಟೆ.

ವಿಜಯಪುರದ ಗೋಲ್ ಗುಂಬಜ್ ಒಳಗೆ ನಿಂತು ಮೇಲಕ್ಕೆ ಕ್ಯಾಮೆರಾ ಎತ್ತಿ. ಸುಮಾರು 44 ಮೀಟರ್ ಅಗಲದ ಗುಮ್ಮಟ. ಬೋಳು ಗಾರೆ, ಮಬ್ಬು ಬೆಳಕು, ಒಂದು ಗೆರೆಯೂ ಇಲ್ಲ. ಎಷ್ಟು ದುಬಾರಿ ಲೆನ್ಸ್ ಆದರೂ ಅಲ್ಲಿ ಓಡಾಡುತ್ತದೆ. ಗುಮ್ಮಟದ ಬುಡದ ಗ್ಯಾಲರಿ ಅಂಚಿಗೆ ಪಾಯಿಂಟ್ ಇಟ್ಟರೆ ತಕ್ಷಣ ಹಿಡಿಯುತ್ತದೆ. ಆಟೋಫೋಕಸ್‌ಗೆ ಬೇಕಾದದ್ದು ಕಪ್ಪು ಬಿಳುಪು ಸೇರುವ ಅಂಚು.

ಅಂಚು ಇದ್ದರೂ ಅದರ ದಿಕ್ಕು ಮುಖ್ಯ. ಕ್ಯಾನನ್ 1300ಡಿ, 1500ಡಿಗಳಲ್ಲಿ 9 ಪಾಯಿಂಟ್, ನಿಕಾನ್ ಡಿ3300, ಡಿ3500ಗಳಲ್ಲಿ 11. ಆದರೆ ಈ ಬಾಡಿಗಳಲ್ಲಿ ಮಧ್ಯದ ಒಂದೇ ಪಾಯಿಂಟ್ ಅಡ್ಡ, ಉದ್ದ ಎರಡೂ ಗೆರೆ ಹಿಡಿಯುತ್ತದೆ. ಉಳಿದವು ಒಂದೇ ದಿಕ್ಕಿನವನ್ನು. ಇಳಕಲ್ ಸೀರೆಯ ದಡಿಯ ಮೇಲೆ ಪಕ್ಕದ ಪಾಯಿಂಟ್ ಇಟ್ಟಾಗ ಒಮ್ಮೆ ಹಿಡಿದು ಒಮ್ಮೆ ಬಿಡುವುದು ಇದಕ್ಕೇ. ಕ್ಯಾಮೆರಾ ಸ್ವಲ್ಪ ವಾರೆ ಮಾಡಿ ಫೋಕಸ್ ಹಿಡಿದು, ನೆಟ್ಟಗೆ ಮಾಡಿ ಕ್ಲಿಕ್ ಮಾಡಿ.

ಝೂಮ್ ಮಾಡಿದಾಗ ಮಾತ್ರ ಓಡಾಡುತ್ತದೆಯೇ? ಲೆನ್ಸ್ ಮೇಲಿನ ಅಪರ್ಚರ್ ಅಂಕಿ ಓದಿ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರುವ ಕ್ಯಾಮೆರಾದ) ಬಹುತೇಕ ಫೋಕಸ್ ಪಾಯಿಂಟ್‌ಗಳು ಎಫ್ 5.6ವರೆಗಿನ ಬೆಳಕಿಗೆ ಹೊಂದಿಸಿದವು. ಹೊರಗಿನ ಕಂಪನಿಯ ಉದ್ದ ಝೂಮ್‌ಗಳು, ಅಂದರೆ 18-200, 150-600ರಂಥವು, ತುದಿಗೆ ಹೋದಾಗ 6.3 ಆಗುತ್ತವೆ. ಬಾಡಿ ಫೋಕಸ್ ಕೆಲಸ ನಿಲ್ಲಿಸದ ಹಾಗೆ ಉಪಾಯವಾಗಿ ಈ ಗೆರೆ ದಾಟುತ್ತವೆ. ಬಿಸಿಲಲ್ಲಿ ನಡೆಯುತ್ತದೆ. ಸಂಜೆಯಾದರೆ ಉಪಾಯ ಬಯಲಾಗುತ್ತದೆ. ಮಧ್ಯದ ಪಾಯಿಂಟ್ ಬಳಸಿ, ಇಲ್ಲವೇ ಸ್ವಲ್ಪ ಹಿಂದಕ್ಕೆ ಝೂಮ್ ಮಾಡಿ. ಇದರ ಮೇಲೆ ಟೆಲಿಕನ್ವರ್ಟರ್ (ಇನ್ನೂ ಹತ್ತಿರ ತೋರಿಸಲು ಲೆನ್ಸ್, ಬಾಡಿ ನಡುವೆ ಹಾಕುವ ಗಾಜು) ಹಾಕುವ ಆಸೆಯನ್ನು ಬಿಟ್ಟುಬಿಡಿ.

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಹಕ್ಕಿ ತೆಗೆಯುವವರ ದೂರು ಬೇರೆ. ಬೆಳಿಗ್ಗೆ ಏಳಕ್ಕೆ ಕೂದಲೆಳೆ ಶಾರ್ಪ್, ಹನ್ನೊಂದಕ್ಕೆ ಒಂದೂ ಸರಿಯಿಲ್ಲ. ಲೆನ್ಸ್ ಬಿಸಿಯಾಗಿ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟದ್ದು ನಡುವಿನ ಗಾಳಿ. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೆಲದಿಂದ ಏಳುವ ಝಳಕ್ಕೆ ದೂರದ ಹಕ್ಕಿ ನೀರಿನೊಳಗಿನ ನೆರಳಿನಂತೆ ಅಲುಗುತ್ತದೆ. 600 ಎಂಎಂ ಲೆನ್ಸ್ ಆ ಅಲುಗಾಟವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಅದೇ ಲೆನ್ಸ್ ಅನ್ನು ಹತ್ತು ಮೀಟರ್ ದೂರದ ಬೇಲಿಕಂಬಕ್ಕೆ ಹಿಡಿದು ನೋಡಿ. ಶಾರ್ಪ್ ಬಂದರೆ ಲೆನ್ಸ್ ಆರೋಗ್ಯವಾಗಿದೆ, ನೀವು ಮನೆಗೆ ಹೋಗಿ ಊಟ ಮಾಡಿ.

ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಲಿಮಿಟರ್ ಸ್ವಿಚ್ ಮರೆಯಬೇಡಿ. ಅದು ‘10 ಮೀಟರ್‌ನಿಂದ ಅನಂತ’ದ ಮೇಲಿದ್ದರೆ ಹತ್ತಿರದ ವಸ್ತುವಿಗೆ ಲೆನ್ಸ್ ಎಂದೂ ನಿಲ್ಲುವುದಿಲ್ಲ. ಟ್ಯಾಮ್ರಾನ್‌ನ ಆ ಹಳೆಯ 70-300ರಲ್ಲಿ ಮ್ಯಾಕ್ರೋ ಸ್ವಿಚ್ ಇದೆ. ಸಾದಾ ಸ್ಥಿತಿಯಲ್ಲಿ ಒಂದೂವರೆ ಮೀಟರ್‌ಗಿಂತ ಹತ್ತಿರ ಹಿಡಿಯುವುದಿಲ್ಲ. ಮ್ಯಾಕ್ರೋದಲ್ಲಿ 95 ಸೆಂಟಿಮೀಟರ್‌ವರೆಗೆ ಬರುತ್ತದೆ.

ಬೆಳಗಾವಿ, ಖಾನಾಪುರ ಕಡೆಯವರಿಗೆ ಒಂದು ಮಾತು ಹೆಚ್ಚಿಗೆ. ನಿಮ್ಮ ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟ ಲೆನ್ಸ್‌ಗೆ ಫಂಗಸ್ ಹಿಡಿಯುತ್ತದೆ. ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಚಿತ್ರದ ಕಾಂಟ್ರಾಸ್ಟ್ ಕುಗ್ಗಿ ಫೋಕಸ್ ಓಡಾಡುವುದರಲ್ಲಿ ಆಶ್ಚರ್ಯವಿಲ್ಲ.

ಬೀಪ್ ಬಂತು, ಫೋಟೋ ಮಸುಕು

ನನಗೆ ಹೆಚ್ಚು ಪೆಟ್ಟು ಕೊಟ್ಟದ್ದು ಈ ಮೂರನೆಯದು. ಕೆಲಸ ಶುರು ಮಾಡಿದ ಹೊಸತರಲ್ಲಿ ಮುಧೋಳದ ಒಂದು ಮದುವೆ. ಹೊರಗಿನ ಕಂಪನಿಯ ಲೆನ್ಸ್, ಆಗಷ್ಟೇ ಕೊಂಡದ್ದು. ಅಕ್ಕಿಕಾಳು ಬೀಳುವ ಹೊತ್ತಿಗೆ ಅಪರ್ಚರ್ ಪೂರ್ತಿ ತೆಗೆದು ತೆಗೆದದ್ದೇ ತೆಗೆದದ್ದು. ಪ್ರತಿ ಸಲ ಬೀಪ್. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಎಲ್ಲವೂ ಚಂದ. ಆಲ್ಬಮ್ ನೋಡಿದ ಮದುಮಗಳ ತಾಯಿ ಕೇಳಿದರು: ‘ಯಪ್ಪಾ, ನಮ್ಮ ಹುಡುಗಿ ಮಾರಿ ಬಿಟ್ಟು ಹಿಂದಿನ ಹೂವಿನ ಮಾಲಿ ತಗದೀಯಲ್ಲೋ?’ ಉತ್ತರ ಇರಲಿಲ್ಲ. ಅವತ್ತು ಕಲಿತದ್ದೇ ಮುಂದಿನ ಪರೀಕ್ಷೆ.

ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್‌ನಿಂದ ನೋಡುವಾಗ ಫೋಕಸ್ ಅಳೆಯುವುದು ಸೆನ್ಸರ್ ಅಲ್ಲ. ಕನ್ನಡಿಯ ಕೆಳಗೆ ಬೇರೆಯೇ ಒಂದು ಫೋಕಸ್ ಘಟಕ ಇದೆ. ಅದು ಅಳೆದು ‘ಇಷ್ಟು ಸರಿ’ ಅನ್ನುತ್ತದೆ, ಲೆನ್ಸ್ ಅಷ್ಟು ಸರಿಯುತ್ತದೆ. ಎರಡರ ಅಳತೆಕೋಲಿನಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಫೋಕಸ್ ಮುಂದೆಯೋ ಹಿಂದೆಯೋ ಬೀಳುತ್ತದೆ. ಹಿಂದಿನ ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಹಾಗಲ್ಲ. ಅಲ್ಲಿ ಸೆನ್ಸರ್ ತನ್ನ ಮೇಲೆ ಬಿದ್ದ ಚಿತ್ರವನ್ನೇ ನೋಡಿ ತೀರ್ಮಾನಿಸುತ್ತದೆ. ನಮಗೆ ಬೇಕಾದ ಸುಳಿವು ಈ ವ್ಯತ್ಯಾಸದಲ್ಲೇ ಇದೆ.

ಮನೆಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ ಮೂರು ಇದ್ದರೆ ಸಾಕು. ಖಾಲಿಯೂ ನಡೆಯುತ್ತದೆ. ಟೇಬಲ್ ಮೇಲೆ ಓರೆಯಾಗಿ ಸಾಲಿಡಿ, ಒಂದಕ್ಕಿಂತ ಒಂದು ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಇರಲಿ, ಅಕ್ಷರ ನಿಮ್ಮ ಕಡೆ ಇರಲಿ. ಕ್ಯಾಮೆರಾ ಟ್ರೈಪಾಡ್ ಮೇಲೆ. ದೂರ ಲೆನ್ಸ್‌ನ ಫೋಕಲ್ ಲೆಂಗ್ತ್‌ನ 50 ಪಟ್ಟು, ಅಂದರೆ 50 ಎಂಎಂ ಲೆನ್ಸ್‌ಗೆ ಎರಡೂವರೆ ಮೀಟರ್. ಅಪರ್ಚರ್ ಪೂರ್ತಿ ತೆರೆಯಿರಿ. ಲೆನ್ಸ್‌ನ ಸ್ಟೆಬಿಲೈಸೇಶನ್ (ಕೈ ಅಲುಗಾಟ ತಡೆಯುವ ಸೌಲಭ್ಯ) ಆಫ್ ಮಾಡಿ. ಎರಡು ಸೆಕೆಂಡ್ ಟೈಮರ್ ಹಾಕಿ. ವ್ಯೂಫೈಂಡರ್‌ನಿಂದ ನಡುವಿನ ಡಬ್ಬಿಗೆ ಫೋಕಸ್ ಮಾಡಿ ಐದು ಫೋಟೋ ತೆಗೆಯಿರಿ. ಪ್ರತಿ ಸಲ ಮೊದಲು ಕೈಯಿಂದ ಫೋಕಸ್ ಕೆಡಿಸಿ, ಆಮೇಲೆ ಬಟನ್ ಒತ್ತಿ. ಲೈವ್ ವ್ಯೂನಲ್ಲೂ ಹೀಗೇ ಐದು.

ಈಗ ಕಂಪ್ಯೂಟರ್‌ನಲ್ಲಿ ನೋಡಿ. ಲೈವ್ ವ್ಯೂ ಐದರಲ್ಲೂ ನಡುವಿನ ಡಬ್ಬಿ ಶಾರ್ಪ್, ವ್ಯೂಫೈಂಡರ್‌ನ ಐದರಲ್ಲೂ ಹಿಂದಿನ ಡಬ್ಬಿಯೇ ಶಾರ್ಪ್: ಇದು ಬ್ಯಾಕ್ ಫೋಕಸ್. ಗಾಜು ಚೆನ್ನಾಗಿದೆ, ಅಳತೆ ತಪ್ಪಿದೆ, ಸರಿಮಾಡಬಹುದು. ವ್ಯೂಫೈಂಡರ್‌ನ ಐದೂ ಐದು ಥರ, ಒಂದು ಮುಂದೆ ಒಂದು ಹಿಂದೆ: ಇದನ್ನು ಯಾವ ಸೆಟ್ಟಿಂಗೂ ಸರಿ ಮಾಡುವುದಿಲ್ಲ. ಲೆನ್ಸ್‌ನ ಯಂತ್ರ ಸಡಿಲಾಗಿದೆ ಅಥವಾ ಬಾಡಿಯ ಮಾತು ಅದಕ್ಕೆ ಸರಿಯಾಗಿ ತಿಳಿಯುತ್ತಿಲ್ಲ. ಲೈವ್ ವ್ಯೂನಲ್ಲೂ ಎಲ್ಲ ಡಬ್ಬಿ ಮಸುಕು: ತಪ್ಪು ಗಾಜಿನದು.

ಎಲ್ಲವೂ ಶಾರ್ಪ್ ಬಂದರೆ? ಆಗ ತಪ್ಪು ನಮ್ಮದು. 50 ಎಂಎಂ ಎಫ್ 1.8 ಲೆನ್ಸ್ ಚಿಕ್ಕ ಸೆನ್ಸರ್ ಬಾಡಿಯ ಮೇಲೆ ಎರಡು ಮೀಟರ್ ದೂರದಲ್ಲಿ ಶಾರ್ಪ್ ಆಗಿ ತೋರಿಸುವುದು ಹೆಚ್ಚೂಕಡಿಮೆ 10 ಸೆಂಟಿಮೀಟರ್ ಆಳ ಮಾತ್ರ. ಫೋಕಸ್ ಹಿಡಿದ ಮೇಲೆ ನೀವು ಅರ್ಧ ಹೆಜ್ಜೆ ಬಾಗಿದರೂ ಕಣ್ಣು ಹೊರಗೆ ಹೋಗುತ್ತದೆ. ಬಿಡದೆ ಫೋಕಸ್ ಮಾಡುತ್ತಲೇ ಇರುವ ನಿಕಾನ್‌ನ ಎಎಫ್-ಸಿ ಮೋಡ್‌ನಲ್ಲಂತೂ ಮೂಲ ಸೆಟ್ಟಿಂಗ್‌ನಲ್ಲಿ ಫೋಕಸ್ ಕೂತಿರಲಿ ಬಿಡಲಿ, ಒತ್ತಿದರೆ ಫೋಟೋ ಬಿದ್ದೇ ಬೀಳುತ್ತದೆ.

ಅಳತೆ ತಪ್ಪಿದ್ದನ್ನು ಎರಡು ಕಡೆಯಿಂದ ಸರಿ ಮಾಡಬಹುದು. ಒಂದು ಬಾಡಿಯಲ್ಲಿ. ಕ್ಯಾನನ್ 7ಡಿ, 80ಡಿ, 90ಡಿ, 5ಡಿ ಮಾರ್ಕ್ 2 ಮತ್ತು ಆಮೇಲಿನವುಗಳಲ್ಲಿ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದೆ, ನಿಕಾನ್ ಡಿ7000 ಸಾಲಿನಲ್ಲಿ ಮತ್ತು ಮೇಲಿನವುಗಳಲ್ಲಿ ಎಎಫ್ ಫೈನ್ ಟ್ಯೂನ್. ಮೈನಸ್ 20ರಿಂದ ಪ್ಲಸ್ 20ರವರೆಗೆ. ಮೈನಸ್ ಅಂದರೆ ಫೋಕಸ್ ನಿಮ್ಮ ಕಡೆಗೆ, ಪ್ಲಸ್ ಅಂದರೆ ಆಚೆಗೆ. ಬ್ಯಾಕ್ ಫೋಕಸ್ ಇದ್ದರೆ ಮೈನಸ್ 5 ಹಾಕಿ ಶುರು ಮಾಡಿ, ಮತ್ತೆ ಡಬ್ಬಿಯ ಫೋಟೋ ತೆಗೆಯಿರಿ. ನಿಕಾನ್ ಡಿ500, ಡಿ850ಗಳು ಲೈವ್ ವ್ಯೂಗೆ ಹೋಲಿಸಿ ತಾವೇ ಅಂಕಿ ಕಂಡುಕೊಳ್ಳುತ್ತವೆ. ಹೊರಗಿನ ಲೆನ್ಸ್ ವಿಷಯದಲ್ಲಿ ಒಂದು ತಕರಾರು ಇದೆ. ಎರಡು ಬೇರೆ ಲೆನ್ಸ್ ಬಾಡಿಗೆ ಒಂದೇ ಗುರುತಿನ ಸಂಖ್ಯೆ ಹೇಳುವುದುಂಟು. ಆಗ ಒಂದಕ್ಕೆ ಹಾಕಿದ ಅಂಕಿ ಇನ್ನೊಂದಕ್ಕೂ ಬೀಳುತ್ತದೆ, ಇನ್ನೊಂದು ಕೆಡುತ್ತದೆ.

ಎರಡನೆಯದು ಲೆನ್ಸ್‌ನಲ್ಲೇ. ಕ್ಯಾನನ್ 1500ಡಿ, 200ಡಿ, ನಿಕಾನ್ ಡಿ3500, ಡಿ5600ರಂಥ ಬಾಡಿಗಳಲ್ಲಿ ಆ ಮೆನುವೇ ಇಲ್ಲ, ಅವರಿಗೆ ಇದೇ ದಾರಿ. ಸಿಗ್ಮಾ 2013ರಲ್ಲಿ ಯುಎಸ್‌ಬಿ ಡಾಕ್ ತಂದಿತು, ಟ್ಯಾಮ್ರಾನ್ 2016ರಲ್ಲಿ ಟ್ಯಾಪ್-ಇನ್ ಕನ್ಸೋಲ್. ಲೆನ್ಸ್‌ನ ಹಿಂದಿನ ಮುಚ್ಚಳದಂತೆ ಅದರ ಮೇಲೆ ಕೂತು ಕಂಪ್ಯೂಟರ್‌ಗೆ ಜೋಡಿಸುವ ಸಾಧನ. ಸಿಗ್ಮಾ ಝೂಮ್‌ಗಾದರೆ ನಾಲ್ಕು ಫೋಕಲ್ ಲೆಂಗ್ತ್, ನಾಲ್ಕು ದೂರ, ಒಟ್ಟು 16 ಕಡೆ ಬೇರೆ ಬೇರೆ ಅಂಕಿ ಕೊಡಬಹುದು. ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ. ಎಲ್ಲ ಲೆನ್ಸ್‌ಗೂ ಇದು ನಡೆಯುವುದಿಲ್ಲ. ಡಿಎಸ್‌ಎಲ್‌ಆರ್‌ಗೆ ಮಾಡಿದವುಗಳಲ್ಲಿ ಸಿಗ್ಮಾದ ಆರ್ಟ್, ಕಂಟೆಂಪರರಿ, ಸ್ಪೋರ್ಟ್ಸ್ ಸಾಲಿನವು, ಟ್ಯಾಮ್ರಾನ್‌ನ ಈಚಿನವು ಮಾತ್ರ. ನಾವು ನಾಲ್ಕು ಸ್ಟುಡಿಯೋದವರು ದುಡ್ಡು ಹಾಕಿ ಒಂದು ಡಾಕ್ ಕೊಂಡೆವು. ಈಗ ಅದು ಯಾರ ಮನೆಯಲ್ಲಿದೆ ಅನ್ನುವುದೇ ಬೇರೆ ಸಂಶೋಧನೆ.

ಪರದೆಯ ಮೇಲೆ ಎರರ್

ಕ್ಯಾನನ್‌ನಲ್ಲಿ ಎರರ್ 01 ಅಂದರೆ ಲೆನ್ಸ್ ಜೊತೆ ಮಾತು ಕಡಿದಿದೆ. ಕಾಂಟ್ಯಾಕ್ಟ್ ಒರೆಸಿ. ಹೋಗದಿದ್ದರೆ ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್ 8ರಲ್ಲಿ ಒಂದು ಫೋಟೋ ತೆಗೆಯಿರಿ. ತೆರೆದಾಗ ಸರಿ, 8ರಲ್ಲಿ ಎರರ್ ಅಂದರೆ ಅಪರ್ಚರ್ ಕಡೆ ತೊಂದರೆ. ಫಿಲ್ಮ್ ಕಾಲದ ಹಳೆಯ ಸಿಗ್ಮಾ ಲೆನ್ಸ್‌ಗಳನ್ನು ಕ್ಯಾನನ್ ಡಿಜಿಟಲ್ ಬಾಡಿಗೆ ಹಾಕಿದಾಗ ಇದೇ ಆಗುತ್ತದೆ. ಆ ಲೆನ್ಸ್ ಕೆಟ್ಟಿಲ್ಲ, ಹೊಸ ಬಾಡಿಯ ಮಾತು ಅದಕ್ಕೆ ಬರುವುದಿಲ್ಲ. ಝೂಮ್ ಒಂದು ಜಾಗಕ್ಕೆ ಬಂದಾಗ ಮಾತ್ರ ಎರರ್ ಬರುತ್ತಿದ್ದರೆ ಒಳಗಿನ ರಿಬ್ಬನ್ ಕೇಬಲ್ ಮುರಿಯುತ್ತಿದೆ. ಅದು ಮೆಕ್ಯಾನಿಕ್ ಕೆಲಸ.

ನಿಕಾನ್‌ನಲ್ಲಿ ‘ಎಫ್ಇಇ’ ಮಿಣುಕಿದರೆ ಗಾಬರಿ ಬೇಡ. ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸ್ ಹಾಕಿದ್ದೀರಿ. ರಿಂಗ್ ಅನ್ನು 22 ಅಥವಾ 32, ಯಾವುದು ಕೊನೆಯದೋ ಅಲ್ಲಿಗೆ ತಿರುಗಿಸಿ ಲಾಕ್ ಮಾಡಿ.

ಮಿರರ್‌ಲೆಸ್ ಮತ್ತು ಅಡಾಪ್ಟರ್

ಕನ್ನಡಿಯಿಲ್ಲದ ಮಿರರ್‌ಲೆಸ್‌ನಲ್ಲಿ ಫೋಕಸ್ ಅಳೆಯುವುದು ಸೆನ್ಸರೇ, ಆದ್ದರಿಂದ ಮುಂದೆ ಹಿಂದೆ ಬೀಳುವ ರೋಗ ಬಹುತೇಕ ಇಲ್ಲ. ಬದಲಿಗೆ ಫರ್ಮ್‌ವೇರ್ (ಬಾಡಿ, ಲೆನ್ಸ್ ಒಳಗಿನ ಸಾಫ್ಟ್‌ವೇರ್) ರೋಗ ಬಂದಿದೆ. ಬಾಡಿಗೆ ಹೊಸ ಫರ್ಮ್‌ವೇರ್ ಹಾಕಿದ ಮರುದಿನ ಲೆನ್ಸ್ ಮೊಂಡಾಟ ಮಾಡಿದರೆ ಲೆನ್ಸ್ ಕಂಪನಿಯ ಸೈಟಿನಲ್ಲಿ ಅದಕ್ಕೂ ಹೊಸದು ಬಂದಿದೆಯೇ ನೋಡಿ. ವಿಲ್‌ಟ್ರಾಕ್ಸ್‌ನ ಹಲವು ಲೆನ್ಸ್‌ಗಳಲ್ಲಿ, ಟ್ಯಾಮ್ರಾನ್‌ನ ಹೊಸ ಲೆನ್ಸ್‌ಗಳಲ್ಲಿ ಯುಎಸ್‌ಬಿ ಕಿಂಡಿಯೇ ಇದೆ, ಕೇಬಲ್ ಸಾಕು. ಮದುವೆಯ ಹಿಂದಿನ ದಿನ ಮಾತ್ರ ಯಾವ ಫರ್ಮ್‌ವೇರನ್ನೂ ಮುಟ್ಟಬೇಡಿ.

ನಿಕಾನ್ ಝಡ್ ಬಾಡಿಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಹಳೆಯ ಲೆನ್ಸ್ ಬಳಸುವವರು ಮೇಲಿನ ಮೋಟರ್ ಕತೆ ಮತ್ತೆ ಓದಿ. ಆ ಅಡಾಪ್ಟರ್‌ನಲ್ಲಿ ಸ್ಕ್ರೂ ಮೋಟರ್ ಇಲ್ಲ. ಡಿ750 ಮೇಲೆ ಓಡುತ್ತಿದ್ದ ಲೆನ್ಸ್ ಇಲ್ಲಿ ಸುಮ್ಮನಾಗುತ್ತದೆ. ಅಡಾಪ್ಟರ್ ಹಾಕಿದಾಗ ತೊಂದರೆ ಬಂದರೆ ಒರೆಸಬೇಕಾದ ಕಾಂಟ್ಯಾಕ್ಟ್ ಎರಡು ಕಡೆ ಅಲ್ಲ, ನಾಲ್ಕು ಕಡೆ.

ಕೊರಿಯರ್ ಮಾಡಲೇಬೇಕಾದರೆ

ಮೋಟರ್ ಸತ್ತಿದೆ, ರಿಬ್ಬನ್ ಹೋಗಿದೆ, ಇಲ್ಲವೇ ಐದು ಫೋಟೋ ಐದು ಥರ ಬರುತ್ತಿದೆ ಅಂದರೆ ಕಳಿಸಿ. ಫೋಕಸ್ ಅಳತೆ ಸರಿಮಾಡಿಸಲು ಆದರೆ ಬಾಡಿಯನ್ನೂ ಜೊತೆಗೆ ಕಳಿಸಬೇಕಾದೀತು, ಮೊದಲೇ ಕೇಳಿಕೊಳ್ಳಿ. ‘ಫೋಕಸ್ ಆಗ್ತಿಲ್ಲ’ ಎಂದಷ್ಟೇ ಚೀಟಿ ಬರೆದರೆ ‘ಪರೀಕ್ಷಿಸಿದೆವು, ಸರಿಯಿದೆ’ ಎಂದು ವಾಪಸ್ ಬರುತ್ತದೆ. ಯಾವ ಬಾಡಿ, ಎಷ್ಟು ಎಂಎಂನಲ್ಲಿ, ಎಷ್ಟು ದೂರದಲ್ಲಿ, ವ್ಯೂಫೈಂಡರ್‌ನಲ್ಲೋ ಲೈವ್ ವ್ಯೂನಲ್ಲೋ, ಬೇರೆ ಬಾಡಿಯ ಮೇಲೆ ಏನಾಯಿತು, ಇಷ್ಟು ಬರೆಯಿರಿ. ಡಬ್ಬಿಯ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಸೇರಿಸಿ. ಫಿಲ್ಟರ್, ಹುಡ್ ಬಿಚ್ಚಿಟ್ಟುಕೊಂಡು ಎರಡೂ ಕಡೆ ಕ್ಯಾಪ್ ಹಾಕಿ. ಪ್ಯಾಕ್ ಮಾಡುವ ಮೊದಲು ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ. ಮೊಬೈಲಿನಲ್ಲೇ ತೆಗೆಯಿರಿ, ಅದಕ್ಕಾದರೂ ಫೋಕಸ್ ಆಗುತ್ತದೆ.